ರಂಧ್ರವಿಲ್ಲದ ಗೋಡೆ: ಇಬ್ನುನ್ನಫೀಸ್, ನಮ್ಮ ರಕ್ತ ಮತ್ತು ನಮ್ಮ ಉಸಿರು

ಉಡುಪಿಯ ಬನ್ನಂಜೆಯಿಂದ ಪೂರ್ವ ದಿಕ್ಕಿಗೆ ಕೆಲವೇ ಕಿಲೋಮೀಟರ್ ಸಾಗಿದರೆ ಮಣಿಪಾಲದ ಗುಡ್ಡ ಸಿಗುತ್ತದೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದ್ದು ಅಲ್ಲಿ. ಆ ಕಾಲೇಜಿಗೆ ಸೇರಿದ ಅಂಗರಚನಾ ಮತ್ತು ರೋಗಶಾಸ್ತ್ರದ ವಸ್ತುಸಂಗ್ರಹಾಲಯವೊಂದು ಸಾರ್ವಜನಿಕರಿಗೂ ತೆರೆದಿದೆ. ಊರಿನ ಶಾಲಾ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದು ವಾಡಿಕೆ. ಆನೆಯ ಅಸ್ಥಿಪಂಜರದ ಎದುರು ಮಕ್ಕಳು ಬಾಯಿ ತೆರೆದು ನಿಲ್ಲುತ್ತಾರೆ. ಗಾಜಿನ ಪಾತ್ರೆಗಳಲ್ಲಿ ಕಾಪಿಟ್ಟ ಮಾನವ ಅಂಗಗಳ ಮುಂದೆ ಬಂದಾಗ ಮಾತ್ರ ಅವರ ಗದ್ದಲ ತಾನಾಗಿಯೇ ಅಡಗುತ್ತದೆ.

ಮಾನವ ಹೃದಯವನ್ನು ಸೀಳಿ ನೋಡಿದರೆ ಅದರ ನಡುವೆ ಮಾಂಸದ ಒಂದು ಗೋಡೆ ಕಾಣುತ್ತದೆ. ಅದು ಬಲಭಾಗವನ್ನು ಎಡಭಾಗದಿಂದ ಬೇರ್ಪಡಿಸುತ್ತದೆ. ದಪ್ಪಗೆ, ಬಿಗಿಯಾಗಿ, ಒಂದು ಸೂಜಿಯ ರಂಧ್ರವೂ ಇಲ್ಲದೆ ನಿಂತಿರುವ ಗೋಡೆ ಅದು. ಇಂದು ಹತ್ತನೆಯ ತರಗತಿಯ ವಿದ್ಯಾರ್ಥಿಗೂ ತಿಳಿದಿರುವ ಸಂಗತಿ ಇದು. ಆದರೆ ಒಂದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಜಗತ್ತಿನ ಮಹಾ ವೈದ್ಯರೆಲ್ಲ ಆ ಗೋಡೆಯಲ್ಲಿ ರಂಧ್ರಗಳಿವೆ ಎಂದೇ ನಂಬಿದ್ದರು. ಇಲ್ಲವೆಂದು ಬರೆದ, ನಮಗೆ ತಿಳಿದಿರುವ ಮೊದಲ ವ್ಯಕ್ತಿ ಒಬ್ಬ ಮುಸ್ಲಿಂ ವೈದ್ಯ ಮತ್ತು ಫಿಕ್ಹ್ ವಿದ್ವಾಂಸ. ಅವರ ಚರಿತ್ರೆಯನ್ನು ಅರಿಯುವುದು ಮತ್ತು ಆ ಚರಿತ್ರೆ ನಮ್ಮ ಮನೆಗಳಿಂದ ಏನನ್ನು ಕೇಳುತ್ತಿದೆ ಎಂಬುದನ್ನು ಚಿಂತಿಸುವುದು ಈ ಲೇಖನದ ಉದ್ದೇಶ.

ಗ್ಯಾಲೆನ್ ಹಾಕಿಕೊಟ್ಟ ದಾರಿ

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಗ್ರೀಕ್ ವೈದ್ಯ ಗ್ಯಾಲೆನ್ ರಕ್ತದ ಬಗ್ಗೆ ಒಂದು ಸಿದ್ಧಾಂತವನ್ನು ಮುಂದಿಟ್ಟರು. ನಾವು ತಿಂದ ಆಹಾರ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಆ ರಕ್ತ ದೇಹದ ಮೂಲೆ ಮೂಲೆಗೆ ಹರಿದು ಅಲ್ಲಿಯೇ ಮುಗಿದುಹೋಗುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ಗದ್ದೆಗೆ ಬಿಟ್ಟ ನೀರು ಮಣ್ಣಿನಲ್ಲಿ ಇಂಗಿ ಹೋಗುವಂತೆ. ಹೃದಯದ ಬಲಭಾಗಕ್ಕೆ ಬಂದ ರಕ್ತದಲ್ಲಿ ಒಂದಂಶವು ನಡುಗೋಡೆಯ ಕಾಣದ ರಂಧ್ರಗಳ ಮೂಲಕ ಎಡಭಾಗಕ್ಕೆ ಜಿನುಗಿ, ಅಲ್ಲಿ ಗಾಳಿಯೊಂದಿಗೆ ಬೆರೆತು ಜೀವಚೈತನ್ಯವಾಗುತ್ತದೆ ಎಂದೂ ಅವರು ಹೇಳಿದರು.

ಗ್ಯಾಲೆನ್ ಸಾಮಾನ್ಯರಲ್ಲ. ಅವರ ಗ್ರಂಥಗಳು ಬಗ್ದಾದಿನಲ್ಲಿ ಅರಬಿ ಭಾಷೆಗೆ ಬಂದವು. ಮುಸ್ಲಿಂ ವೈದ್ಯರು ಅವರನ್ನು ಜಾಲೀನೂಸ್ ಎಂಬ ಹೆಸರಿನಿಂದ ಗೌರವಿಸಿದರು. ಇಬ್ನು ಸೀನಾ ತಮ್ಮ ‘ಅಲ್ ಖಾನೂನ್’ ಎಂಬ ಮಹಾಗ್ರಂಥದಲ್ಲಿ ಹೃದಯದ ವಿಷಯಕ್ಕೆ ಬಂದಾಗ ಬಹುಮಟ್ಟಿಗೆ ಈ ಹಳೆಯ ದಾರಿಯಲ್ಲಿಯೇ ನಡೆದರು. ಅವರ ಗ್ರಂಥವು ಅರಬ್ ಜಗತ್ತಿನಲ್ಲಿಯೂ ಲ್ಯಾಟಿನ್ ಭಾಷೆಯ ಮೂಲಕ ಯುರೋಪಿನಲ್ಲಿಯೂ ಶತಮಾನಗಳ ಕಾಲ ಪಠ್ಯವಾಗಿತ್ತು. ಇಷ್ಟು ದೊಡ್ಡವರು ಹೇಳಿದ ಮೇಲೆ ಪ್ರಶ್ನಿಸುವವರು ಯಾರು?

ದಮಾಸ್ಕಸ್‌ನಿಂದ ಕೈರೋಗೆ

ಅಲಾವುದ್ದೀನ್ ಅಲಿ ಇಬ್ನು ಅಬಿಲ್ ಹಝ್ಮ್ ಅಲ್ ಖರಶೀ, ಜನರ ಬಾಯಲ್ಲಿ ಇಬ್ನುನ್ನಫೀಸ್, ಸುಮಾರು 1213ರಲ್ಲಿ ಸಿರಿಯಾದಲ್ಲಿ ಜನಿಸಿದರು. ದಮಾಸ್ಕಸ್‌ನ ನೂರೀ ಆಸ್ಪತ್ರೆಯಲ್ಲಿ ವೈದ್ಯ ಕಲಿತರು. ಬಳಿಕ ಈಜಿಪ್ಟಿಗೆ ತೆರಳಿ ಕೈರೋದಲ್ಲಿ ನೆಲೆಸಿದರು. ಕರಾವಳಿಯ ನಮ್ಮಲ್ಲಿ ಅನೇಕರಿಗೆ ಆತ್ಮೀಯವೆನಿಸಬಹುದಾದ ಸಂಗತಿಯೊಂದಿದೆ. ಅವರು ಶಾಫಿಈ ಮದ್ಹಬಿನ ವಿದ್ವಾಂಸರಾಗಿದ್ದು, ಕೈರೋದ ಮಸ್ರೂರಿಯ್ಯಾ ಮದ್ರಸದಲ್ಲಿ ಫಿಕ್ಹ್ ಬೋಧಿಸುತ್ತಿದ್ದರು. ಶಾಫಿಈ ವಿದ್ವಾಂಸರ ಜೀವನ ಚರಿತ್ರೆಗಳ ಸಂಗ್ರಹದಲ್ಲಿ ಇಮಾಮ್ ಸುಬ್ಕೀ ಅವರಿಗೂ ಸ್ಥಾನ ನೀಡಿದ್ದಾರೆ. ಬೇಲೆಯಿಂದ ಬೇಲೆಗೆ ಮದ್ರಸ ಮತ್ತು ಆಸ್ಪತ್ರೆಗಳ ನಡುವೆ ಓಡಾಡಿದ ಬದುಕು ಅವರದು. ಅವೆರಡೂ ಒಂದಕ್ಕೊಂದು ವಿರುದ್ಧವೆಂದು ಅವರಿಗೆ ತೋರಲಿಲ್ಲ.

ಅವರ ಕುರಿತು ಚರಿತ್ರೆಕಾರರು ಹಲವು ಪ್ರಸಂಗಗಳನ್ನು ಉಳಿಸಿದ್ದಾರೆ. ಬರೆಯಲು ಕುಳಿತರೆ ಲೇಖನಿಗಳನ್ನು ಮೊದಲೇ ಹದಗೊಳಿಸಿ ಪಕ್ಕದಲ್ಲಿ ಇಡಬೇಕಾಗಿತ್ತಂತೆ. ಒಂದು ಮೊಂಡಾದರೆ ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದರೇ ಹೊರತು ನಿಲ್ಲಿಸುತ್ತಿರಲಿಲ್ಲ. ಒಮ್ಮೆ ಸ್ನಾನಗೃಹದಲ್ಲಿ ಮೈ ತೊಳೆಯುತ್ತಿದ್ದವರು ಅರ್ಧಕ್ಕೆ ಹೊರಬಂದು ಕಾಗದ, ಮಸಿ ತರಿಸಿ ನಾಡಿಯ ಕುರಿತು ಒಂದು ಪ್ರಬಂಧವನ್ನು ಬರೆದು ಮುಗಿಸಿ, ಮತ್ತೆ ಸ್ನಾನಕ್ಕೆ ಮರಳಿದರಂತೆ. ‘ಅಶ್ಶಾಮಿಲ್’ ಎಂಬ ವೈದ್ಯ ವಿಶ್ವಕೋಶವನ್ನು 300 ಸಂಪುಟಗಳಲ್ಲಿ ಬರೆಯಲು ಯೋಜಿಸಿ 80ನ್ನು ಪೂರ್ಣಗೊಳಿಸಿದರು. ಇಬ್ನು ಸೀನಾರ ಖಾನೂನಿಗೆ ಅವರು ಬರೆದ ‘ಅಲ್ ಮೂಜಝ್’ ಎಂಬ ಸಂಗ್ರಹವನ್ನು ನಮ್ಮ ದೇಶದ ಯುನಾನಿ ವೈದ್ಯರೂ ತಲೆಮಾರುಗಳ ಕಾಲ ಓದಿದ್ದಾರೆ.

ಅವರ ಹೆಸರನ್ನು ಅಮರಗೊಳಿಸಿದ್ದು ಇನ್ನೊಂದು ಕೃತಿ. ಖಾನೂನಿನ ಅಂಗರಚನಾ ಭಾಗಗಳಿಗೆ ಅವರು ಬರೆದ ವ್ಯಾಖ್ಯಾನ ಅದು. ಸುಮಾರು 1242ರಲ್ಲಿ, ಮೂವತ್ತು ತುಂಬುವ ಮೊದಲೇ ಅದನ್ನು ರಚಿಸಿದರೆಂದು ತಿಳಿಯಲಾಗಿದೆ. ಅದರಲ್ಲಿ ಅವರು ಮೂರು ಮಾತುಗಳನ್ನು ಸ್ಪಷ್ಟವಾಗಿ ಹೇಳಿದರು. ಹೃದಯಕ್ಕೆ ಇಬ್ನು ಸೀನಾ ಹೇಳಿದಂತೆ ಮೂರು ಕುಕ್ಷಿಗಳಿಲ್ಲ, ಎರಡೇ ಇವೆ. ಅವುಗಳ ನಡುವಣ ಗೋಡೆ ಗಟ್ಟಿಯಾದುದು, ಅದರಲ್ಲಿ ಕಾಣುವ ರಂಧ್ರವೂ ಇಲ್ಲ, ಕಾಣದ ರಂಧ್ರವೂ ಇಲ್ಲ. ಆದ್ದರಿಂದ ಬಲಭಾಗದ ರಕ್ತವು ದೊಡ್ಡ ನಾಳದ ಮೂಲಕ ಶ್ವಾಸಕೋಶಕ್ಕೆ ಹೋಗಿ, ಅಲ್ಲಿ ಗಾಳಿಯೊಂದಿಗೆ ಸೇರಿ, ಇನ್ನೊಂದು ನಾಳದ ಮೂಲಕ ಹೃದಯದ ಎಡಭಾಗಕ್ಕೆ ಮರಳಲೇಬೇಕು.

ಶ್ವಾಸಕೋಶಕ್ಕೆ ಹೋಗುವ ನಾಳಕ್ಕೂ ಅಲ್ಲಿಂದ ಮರಳುವ ನಾಳಕ್ಕೂ ನಡುವೆ ಸೂಕ್ಷ್ಮ ದಾರಿಗಳಿರಬೇಕು ಎಂದೂ ಅವರು ಊಹಿಸಿದರು. ಆಗ ಸೂಕ್ಷ್ಮದರ್ಶಕ ಇರಲಿಲ್ಲ. ಆ ದಾರಿಗಳನ್ನು ಕಣ್ಣಾರೆ ಕಂಡವರು ಇಟಲಿಯ ಮಾಲ್ಪಿಘಿ, 1661ರಲ್ಲಿ, ಕಪ್ಪೆಯ ಶ್ವಾಸಕೋಶದಲ್ಲಿ. ಊಹೆಗೂ ನೋಟಕ್ಕೂ ನಡುವೆ ನಾಲ್ಕು ಶತಮಾನಗಳ ಅಂತರ.

ಹೆಮ್ಮೆ ಮತ್ತು ಪ್ರಾಮಾಣಿಕತೆ

ಇಲ್ಲಿ ನಾವು ಕೊಂಚ ನಿಲ್ಲಬೇಕು. ನಮ್ಮ ವೇದಿಕೆಗಳಲ್ಲಿ ಹಿಂದಿನವರ ಸಾಧನೆಗಳನ್ನು ಹೇಳುವಾಗ ಉತ್ಸಾಹವು ಕೆಲವೊಮ್ಮೆ ಸತ್ಯಕ್ಕಿಂತ ಮುಂದೆ ಓಡುತ್ತದೆ. ರಕ್ತ ಪರಿಚಲನೆಯನ್ನು ಸಂಪೂರ್ಣವಾಗಿ ಕಂಡುಹಿಡಿದವರು ಇಬ್ನುನ್ನಫೀಸ್ ಎಂಬ ಮಾತು ಅಂತಹುದು. ಅವರು ವಿವರಿಸಿದ್ದು ಹೃದಯ ಮತ್ತು ಶ್ವಾಸಕೋಶಗಳ ನಡುವಣ ಹರಿವನ್ನು. ರಕ್ತವು ಇಡೀ ದೇಹವನ್ನು ಸುತ್ತಿ ಮತ್ತೆ ಹೃದಯಕ್ಕೆ ಮರಳುತ್ತದೆ ಎಂಬುದನ್ನು ಪ್ರಯೋಗ ಮತ್ತು ಲೆಕ್ಕಾಚಾರಗಳಿಂದ ಸ್ಥಾಪಿಸಿದವರು ಇಂಗ್ಲೆಂಡಿನ ವಿಲಿಯಂ ಹಾರ್ವೆ, 1628ರಲ್ಲಿ. ಯುರೋಪಿನಲ್ಲಿ ಶ್ವಾಸಕೋಶದ ಹರಿವಿನ ಬಗ್ಗೆ 1553ರಲ್ಲಿ ಸರ್ವೆಟಸ್ ಮತ್ತು 1559ರಲ್ಲಿ ಕೊಲಂಬೊ ಬರೆದರು. ಅವರಿಗೆ ಇಬ್ನುನ್ನಫೀಸರ ವಿಚಾರ ತಲುಪಿತ್ತೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 1547ರಲ್ಲಿ ಅವರ ಬರಹವೊಂದು ಲ್ಯಾಟಿನ್ನಿನಲ್ಲಿ ಮುದ್ರಣಗೊಂಡಿತ್ತು ಎಂಬುದು ನಿಜ. ಆದರೆ ಅದು ಔಷಧಗಳ ಕುರಿತಾದ ಭಾಗವಾಗಿತ್ತು.

ಅಂಗಚ್ಛೇದನದ ವಿಷಯವೂ ಹೀಗೆಯೇ. ಶರೀಅತ್ ಮತ್ತು ತನ್ನಲ್ಲಿರುವ ಸಹಜ ಕರುಣೆ ತನ್ನನ್ನು ಅಂಗಚ್ಛೇದನದಿಂದ ತಡೆದಿವೆ ಎಂದು ಇಬ್ನುನ್ನಫೀಸ್ ತಮ್ಮ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾರೆ. ಆದರೆ ಒಳಪುಟಗಳಲ್ಲಿ ಹಳಬರ ಮಾತನ್ನು ಅಂಗಚ್ಛೇದನವು ಸುಳ್ಳಾಗಿಸುತ್ತದೆ ಎಂದೂ ಬರೆದಿದ್ದಾರೆ. ಅವರು ಏನನ್ನು ಕಣ್ಣಾರೆ ಕಂಡರು, ಏನನ್ನು ತರ್ಕದಿಂದ ಕಟ್ಟಿದರು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಇವನ್ನೆಲ್ಲ ಹೇಳುವುದರಿಂದ ಅವರ ಘನತೆಗೆ ಕುಂದಾಗದು. ಅಂಗಗಳ ಕಾರ್ಯವನ್ನು ಅರಿಯಲು ನೋಟ ಮತ್ತು ವಿಚಾರವನ್ನೇ ಆಧರಿಸುತ್ತೇನೆ, ಅದು ಹಿಂದಿನವರ ಅಭಿಪ್ರಾಯಕ್ಕೆ ಹೊಂದಿದರೂ ಸರಿ, ಹೊಂದದಿದ್ದರೂ ಸರಿ ಎಂಬುದು ಅವರ ನಿಲುವಾಗಿತ್ತು. ಗುರುಗಳನ್ನು ಗೌರವಿಸುತ್ತಲೇ ಅವರ ತಪ್ಪನ್ನು ತಪ್ಪೆಂದು ಹೇಳುವ ಧೈರ್ಯ ಅದು. ಅಂಥವರ ಚರಿತ್ರೆಯನ್ನು ಹೇಳುವಾಗ ನಾವೇ ಅತಿಶಯೋಕ್ತಿಗೆ ಇಳಿದರೆ ಅವರಿಂದ ಏನನ್ನು ಕಲಿತಂತಾಯಿತು?

ಇನ್ನೊಂದು ಕಹಿ ಸತ್ಯವೂ ಇದೆ. ನಾವು ಇಂದು ಹೆಮ್ಮೆಪಡುವ ಈ ಪುಟಗಳು ಬಹುಕಾಲ ಜಗತ್ತಿನ ನೆನಪಿನಿಂದ ಮರೆಯಾಗಿದ್ದವು. 1924ರಲ್ಲಿ ಜರ್ಮನಿಯ ಫ್ರೈಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಈಜಿಪ್ಟಿನ ವೈದ್ಯ ಮುಹ್ಯುದ್ದೀನ್ ಅತ್ತತಾವೀ ಬರ್ಲಿನ್‌ನ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ಓದಿ ತಮ್ಮ ಪ್ರಬಂಧದಲ್ಲಿ ಬೆಳಕಿಗೆ ತಂದರು. ಆಮೇಲೆ ಮ್ಯಾಕ್ಸ್ ಮಯರ್‌ಹೋಫ್ ಎಂಬ ವಿದ್ವಾಂಸರು ಅದನ್ನು ಜಗತ್ತಿಗೆ ಪರಿಚಯಿಸಿದರು. ಬರೆದು 682 ವರ್ಷಗಳ ಬಳಿಕ! ಜ್ಞಾನವನ್ನು ಪಡೆಯುವುದು ಒಂದು ಹೊಣೆ, ಅದನ್ನು ಉಳಿಸಿ ಮುಂದಿನವರಿಗೆ ದಾಟಿಸುವುದು ಇನ್ನೊಂದು ಹೊಣೆ.

ಒಂದು ಉಸಿರಿನ ಪಯಣ

ಇಬ್ನುನ್ನಫೀಸ್ ತೋರಿಸಿದ ದಾರಿಯಲ್ಲಿ ಈಗ ನಮ್ಮ ದೇಹದೊಳಗೆ ಒಮ್ಮೆ ಸಾಗೋಣ.

ವಯಸ್ಕನೊಬ್ಬನ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ಅಂದರೆ ನಮ್ಮ ರಕ್ತವೆಲ್ಲ ಒಂದು ನಿಮಿಷದ ಆಸುಪಾಸಿನಲ್ಲಿ ಒಂದು ಸುತ್ತು ಮುಗಿಸುತ್ತದೆ. ದೇಹವನ್ನು ಸುತ್ತಿ ದಣಿದು ಬಂದ ಗಾಢ ಕೆಂಪು ರಕ್ತವನ್ನು ಹೃದಯದ ಬಲಭಾಗ ಸ್ವೀಕರಿಸಿ ಶ್ವಾಸಕೋಶಕ್ಕೆ ಕಳುಹಿಸುತ್ತದೆ.

ಶ್ವಾಸಕೋಶದೊಳಗೆ ದ್ರಾಕ್ಷಿ ಗೊಂಚಲುಗಳಂತೆ ಕೋಟಿ ಕೋಟಿ ಗಾಳಿಗೂಡುಗಳಿವೆ. ಅವುಗಳ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಒಂದು ಬ್ಯಾಡ್ಮಿಂಟನ್ ಅಂಗಣದಷ್ಟು ವಿಸ್ತಾರವಾಗುತ್ತದೆ. ಪ್ರತಿಯೊಂದು ಗೂಡನ್ನೂ ಕೂದಲಿಗಿಂತ ತೆಳುವಾದ ಲೋಮನಾಳಗಳು ಬಲೆಯಂತೆ ಸುತ್ತುವರಿದಿವೆ. ಒಂದು ಕೆಂಪು ರಕ್ತಕಣ ಆ ಬಲೆಯನ್ನು ದಾಟಲು ಒಂದು ಸೆಕೆಂಡು ಕೂಡ ತೆಗೆದುಕೊಳ್ಳುವುದಿಲ್ಲ. ಅಷ್ಟರಲ್ಲಿ ಅದು ಹೊತ್ತು ತಂದ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಆಮ್ಲಜನಕವನ್ನು ತುಂಬಿಕೊಳ್ಳುತ್ತದೆ. ಮತ್ತೆ ಎಡಹೃದಯ, ಅಲ್ಲಿಂದ ಮೆದುಳಿಗೆ, ಮೂತ್ರಪಿಂಡಕ್ಕೆ, ಕಾಲಿನ ಹೆಬ್ಬೆರಳಿಗೆ, ಗರ್ಭದಲ್ಲಿರುವ ಮಗುವಿನ ಬಳಿಗೆ.

ಆಮ್ಲಜನಕವನ್ನು ಹೊರುವ ಕೆಲಸ ಹಿಮೋಗ್ಲೋಬಿನ್ನಿನದು. ಅದರ ಒಂದೊಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿವೆ. ಪ್ರತಿಯೊಂದೂ ಆಮ್ಲಜನಕದ ಒಂದು ಅಣುವನ್ನು ಹಿಡಿದುಕೊಳ್ಳುತ್ತದೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ನಾವು ಈ ವಾಕ್ಯವನ್ನು ಓದುವಷ್ಟರಲ್ಲಿ ನಮ್ಮ ಮೂಳೆಯ ಮಜ್ಜೆ ಲಕ್ಷಾಂತರ ಹೊಸ ಕಣಗಳನ್ನು ಸೃಷ್ಟಿಸಿ ರಕ್ತಕ್ಕೆ ಬಿಟ್ಟಿರುತ್ತದೆ. ನಾವು ಮಲಗಿದ್ದಾಗಲೂ, ಮರೆತಿದ್ದಾಗಲೂ ನಡೆಯುವ ಈ ವ್ಯವಸ್ಥೆಯ ಮುಂದೆ ಸೃಷ್ಟಿಕರ್ತನನ್ನು ಸ್ತುತಿಸದಿರಲು ಸಾಧ್ಯವೇ?

ಸ್ತುತಿಯು ನಾಲಿಗೆಗಷ್ಟೇ ಸೀಮಿತವಾಗಬಾರದು. ದೇಹವು ನಮ್ಮಲ್ಲಿಟ್ಟ ಅಮಾನತ್ತು. ಅಮಾನತ್ತನ್ನು ಕಾಯುವುದು ಕೃತಜ್ಞತೆಯ ಇನ್ನೊಂದು ರೂಪ.

ಸೋಮಾರಿತನವಲ್ಲ, ರಕ್ತಹೀನತೆ

ಹಿಮೋಗ್ಲೋಬಿನ್ ಕಡಿಮೆಯಾದರೆ ಗಾಳಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಬಂದರಿನಲ್ಲಿ ಸರಕು ಬಿದ್ದಿದೆ, ಸಾಗಿಸಲು ಲಾರಿಗಳಿಲ್ಲ ಎಂಬಂತಹ ಸ್ಥಿತಿ. ಇದೇ ರಕ್ತಹೀನತೆ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಇದು ಶೇಕಡಾ 48ರ ಸಮೀಪದಲ್ಲಿದೆ. ಅಂದರೆ ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಪ್ರತಿ ಇಬ್ಬರು ಮಹಿಳೆಯರಲ್ಲಿ ಒಬ್ಬರು.

ಈ ಅಂಕಿಗಳನ್ನು ಓದಿ ಮುಂದೆ ಹೋಗುವುದು ಸುಲಭ. ಆದರೆ ಇವು ನಮ್ಮ ಮನೆಯ ಅಡುಗೆಮನೆಯಲ್ಲಿಯೇ ಇವೆ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ತಾಯಿಗೆ ವಯಸ್ಸಾಯಿತು ಎನ್ನುತ್ತೇವೆ. ಓದುತ್ತಾ ಕುಳಿತಲ್ಲಿಯೇ ತೂಕಡಿಸುವ ಮಗಳಿಗೆ ಸೋಮಾರಿ ಎಂಬ ಬಿರುದು ಕೊಡುತ್ತೇವೆ. ಹೆರಿಗೆಯ ಬಳಿಕ ಬಿಳಿಚಿಕೊಂಡ ಸೊಸೆಗೆ ಯಾರದೋ ಕಣ್ಣು ತಾಗಿದೆ ಎನ್ನುತ್ತೇವೆ. ಮನೆಯವರೆಲ್ಲ ಉಂಡ ಬಳಿಕ ಉಳಿದ ಸಾರು ಮತ್ತು ಅನ್ನದಲ್ಲಿ ಊಟ ಮುಗಿಸುವ ಹೆಂಗಸರ ತಟ್ಟೆಗೆ ಮೀನಿನ ತುಂಡು ಬಿತ್ತೇ ಎಂದು ನೋಡುವವರು ವಿರಳ. ಒಂದು ಸರಳ ರಕ್ತಪರೀಕ್ಷೆ ಈ ಎಲ್ಲ ಊಹೆಗಳಿಗೆ ಉತ್ತರ ನೀಡಬಲ್ಲದು. ಮಹಿಳೆಯರಲ್ಲಿ 12 ಗ್ರಾಂ, ಗರ್ಭಿಣಿಯರಲ್ಲಿ 11 ಗ್ರಾಂ, ಪುರುಷರಲ್ಲಿ 13 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ.

ಕಾರಣಗಳು ಹಲವು. ಕಬ್ಬಿಣದ ಕೊರತೆ ಎಲ್ಲಕ್ಕಿಂತ ಸಾಮಾನ್ಯವಾದುದು. ಹೆಚ್ಚಿನ ಮುಟ್ಟಿನ ಸ್ರಾವ, ಎಡೆಬಿಡದ ಗರ್ಭಧಾರಣೆ, ಬರಿಗಾಲಿನಲ್ಲಿ ಒದ್ದೆ ಮಣ್ಣಿನಲ್ಲಿ ನಡೆಯುವವರಿಗೆ ಅಂಟುವ ಕೊಕ್ಕೆಹುಳು ಇವೆಲ್ಲ ಸೇರಿಕೊಳ್ಳುತ್ತವೆ. ಊಟವಾದೊಡನೆ ಕುಡಿಯುವ ಚಹಾ ಕಬ್ಬಿಣ ಹೀರಿಕೆಯನ್ನು ತಡೆಯುತ್ತದೆ. ಒಂದೆರಡು ಗಂಟೆ ತಡೆದು ಕುಡಿದರೆ ನಷ್ಟವೇನಿಲ್ಲ. ಮಾಂಸ, ಯಕೃತ್ತು, ಮೀನು, ಹುರುಳಿ, ಹಸಿರು ಸೊಪ್ಪು ಮತ್ತು ಅವುಗಳ ಮೇಲೆ ಹಿಂಡಿದ ಲಿಂಬೆ ರಸ ನೆರವಾಗುತ್ತವೆ. ಕೊರತೆ ಹೆಚ್ಚಿದ್ದರೆ ಆಹಾರವೊಂದೇ ಸಾಲದು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಹೇಳಿದಷ್ಟು ತಿಂಗಳು ತಪ್ಪದೆ ತೆಗೆದುಕೊಳ್ಳಬೇಕು.

ನಿಕಾಹಿಗೆ ಮುನ್ನ ಒಂದು ಪರೀಕ್ಷೆ

ಮಾತ್ರೆಯಿಂದ ವಾಸಿಯಾಗದ ರಕ್ತದ ಕಾಯಿಲೆಗಳೂ ಇವೆ. ರಕ್ತಸ್ರಾವ ನಿಲ್ಲದೆ ಒಂದು ಊರಿನ ಕುಟುಂಬಗಳ ಗಂಡುಮಕ್ಕಳು ಸಾಯುತ್ತಿದ್ದುದನ್ನು ಅಂದಲೂಸಿನ ಶಸ್ತ್ರವೈದ್ಯ ಅಝ್ಝಹ್ರಾವೀ ಸಾವಿರ ವರ್ಷಗಳ ಹಿಂದೆಯೇ ದಾಖಲಿಸಿದ್ದರು. ಇಂದು ನಾವು ಅದನ್ನು ಹಿಮೋಫಿಲಿಯಾ ಎನ್ನುತ್ತೇವೆ. ಥಲಸ್ಸೀಮಿಯಾ ಮತ್ತು ಕುಡಗೋಲು ಕಣ ರೋಗಗಳೂ ವಂಶದಿಂದ ಬರುವಂತಹವು.

ಥಲಸ್ಸೀಮಿಯಾದ ಲಕ್ಷಣವನ್ನು ವಂಶವಾಹಿಯಲ್ಲಿ ಹೊತ್ತವರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಇರುತ್ತಾರೆ. ತಾವು ವಾಹಕರೆಂಬುದು ಅವರಿಗೆ ತಿಳಿದಿರುವುದಿಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ತೀವ್ರ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆ ಹುಟ್ಟಿದ ಮಗುವಿಗೆ ಕೆಲವು ವಾರಗಳಿಗೊಮ್ಮೆ ರಕ್ತ ಕೊಡಬೇಕು. ಆ ರಕ್ತದಿಂದ ದೇಹದಲ್ಲಿ ಶೇಖರವಾಗುವ ಕಬ್ಬಿಣವನ್ನು ತೆಗೆಯಲು ಔಷಧ ನಿರಂತರವಾಗಿ ನಡೆಯಬೇಕು. ಸೂಜಿಗೆ ಕೈಚಾಚಿ ಬೆಳೆಯುವ ಆ ಮಗುವಿನ ಬಾಲ್ಯವನ್ನೂ, ಮುಂದಿನ ರಕ್ತದ ಚೀಲ ಎಲ್ಲಿಂದ ಬರುವುದೋ ಎಂದು ಎಣಿಸುವ ಹೆತ್ತವರ ದಿನಗಳನ್ನೂ ಕಂಡವರು ಮರೆಯಲಾರರು.

ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರೂ ಒಂದೇ ದೋಷದ ವಾಹಕರಾಗಿರುವ ಸಾಧ್ಯತೆ ಹೆಚ್ಚು. ಸೋದರಸಂಬಂಧಿಗಳ ವಿವಾಹಕ್ಕೆ ಧರ್ಮವು ಅನುಮತಿ ನೀಡಿದೆ. ಆದರೆ ಅನುಮತಿ ಎಂದರೆ ಆದೇಶವಲ್ಲ. ಪರೀಕ್ಷೆ ಮಾಡಬೇಡಿ ಎಂದೂ ಅದರ ಅರ್ಥವಲ್ಲ. ಸೌದಿ ಅರೇಬಿಯಾವು 2004ರಿಂದ ವಿವಾಹಪೂರ್ವ ರಕ್ತಪರೀಕ್ಷೆಯನ್ನು ಕಡ್ಡಾಯಗೊಳಿಸಿದೆ. ಇರಾನ್ 1997ರಲ್ಲಿಯೇ ಈ ದಾರಿ ಹಿಡಿಯಿತು. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ನಮ್ಮವರಿಗೆ ಇದು ಹೊಸತಲ್ಲ. ಅಲ್ಲಿಂದ ಚಿನ್ನ ತಂದೆವು, ಅತ್ತರು ತಂದೆವು. ಈ ಒಳ್ಳೆಯ ರೂಢಿಯನ್ನೂ ತರಬಹುದಿತ್ತಲ್ಲವೇ?

ವರದಕ್ಷಿಣೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡುವ ಮನೆಗಳಲ್ಲಿ ರಕ್ತಪರೀಕ್ಷೆಯ ಬಗ್ಗೆ ಐದು ನಿಮಿಷ ಮಾತನಾಡಲು ಸಂಕೋಚವೇಕೆ? ಹುಡುಗಿಗೆ ಮಾತ್ರ ಪರೀಕ್ಷೆ, ಹುಡುಗನಿಗೆ ಬೇಡ ಎಂಬ ನಿಲುವೂ ಅನ್ಯಾಯವೇ. ವಾಹಕರಾಗಿರುವುದು ಕಳಂಕವಲ್ಲ, ರೋಗವೂ ಅಲ್ಲ. ಅದು ಮೊದಲೇ ತಿಳಿದಿರಬೇಕಾದ ಒಂದು ಮಾಹಿತಿ, ಅಷ್ಟೆ. ಈಗಾಗಲೇ ಇಂತಹ ಮಗುವಿರುವ ಕುಟುಂಬಗಳು ಇನ್ನೊಂದನ್ನು ತಿಳಿದಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಥಲಸ್ಸೀಮಿಯಾ, ಹಿಮೋಫಿಲಿಯಾ ಮತ್ತು ಕುಡಗೋಲು ಕಣ ರೋಗಗಳು ಸೇರಿವೆ. ಅದರ ಸೌಲಭ್ಯ ಕೇಳುವುದು ಹಕ್ಕೇ ಹೊರತು ಭಿಕ್ಷೆಯಲ್ಲ.

ಉಸಿರು ಸಿಕ್ಕಿಕೊಂಡಾಗ

ಶ್ವಾಸದ ಕಾಯಿಲೆಗಳೂ ನಮ್ಮ ಪೂರ್ವಿಕರ ಗಮನಕ್ಕೆ ಬಂದಿದ್ದವು. ಗುಲಾಬಿ ಅರಳುವ ವಸಂತದಲ್ಲಿ ವಿದ್ವಾಂಸರೊಬ್ಬರಿಗೆ ಮೂಗು ಸೋರುವುದೇಕೆ ಎಂಬ ಬಗ್ಗೆ ವೈದ್ಯ ರಾಝೀ ಒಂದು ಬರಹವನ್ನೇ ಬರೆದರು. ಕೈರೋದಲ್ಲಿದ್ದ ಯಹೂದಿ ವೈದ್ಯ ಮೂಸಾ ಇಬ್ನು ಮೈಮೂನ್ ಹನ್ನೆರಡನೆಯ ಶತಮಾನದ ಕೊನೆಯ ವೇಳೆಗೆ ಉಬ್ಬಸದ ಕುರಿತು ಅರಬಿಯಲ್ಲಿ ಗ್ರಂಥ ರಚಿಸಿ ಶುದ್ಧ ಗಾಳಿಯ ಮಹತ್ವವನ್ನು ವಿವರಿಸಿದರು.

ನಮ್ಮ ಕರಾವಳಿಯಲ್ಲಿ ಉಬ್ಬಸಕ್ಕೆ ಮಳೆಗಾಲದ ತೇವ, ಗೋಡೆಯ ಬೂಸ್ಟು, ಹಾಸಿಗೆಯ ಧೂಳು ನೆಪವಾಗುತ್ತವೆ. ಸೌದೆ ಒಲೆಯ ಹೊಗೆಯನ್ನು ವರ್ಷಗಟ್ಟಲೆ ಉಸಿರಾಡಿದ ಅಜ್ಜಿಯಂದಿರು, ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ತಂಬಾಕಿನ ಧೂಳಿನಲ್ಲಿ ಸಂಸಾರ ಸಾಕಿದ ತಾಯಂದಿರು ನಮ್ಮಲ್ಲಿ ಎಷ್ಟಿಲ್ಲ! ಆ ಬೀಡಿಯನ್ನು ಸೇದಿದವರ ಗತಿಯಂತೂ ತಿಳಿದದ್ದೇ. ಹೊಗೆಯಲ್ಲಿರುವ ಇಂಗಾಲದ ಮೊನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು ಅದರ ಸ್ಥಾನವನ್ನು ಕಸಿಯುತ್ತದೆ.

ಇನ್‌ಹೇಲರ್ ಒಮ್ಮೆ ಹಿಡಿದರೆ ಬಿಡಲಾಗದು ಎಂಬ ಭಯದಿಂದ ಮಕ್ಕಳನ್ನು ರಾತ್ರಿಯಿಡೀ ಏದುಸಿರಿಗೆ ಬಿಡುವವರಿದ್ದಾರೆ. ಇದು ತಪ್ಪು ತಿಳುವಳಿಕೆ. ಅದು ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ನೇರವಾಗಿ ಬೇಕಾದ ಸ್ಥಳಕ್ಕೆ ತಲುಪಿಸುವ ಸಾಧನ. ರಮಝಾನಿನಲ್ಲಿ ಅದರ ಬಳಕೆಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ರೋಗಿಗೆ ಧರ್ಮದಲ್ಲಿ ರಿಯಾಯಿತಿ ಇದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸ್ವಂತ ನಿರ್ಧಾರದಿಂದ ಔಷಧ ನಿಲ್ಲಿಸದೆ, ತಿಂಗಳು ಆರಂಭವಾಗುವ ಮೊದಲೇ ವೈದ್ಯರನ್ನೂ ತಿಳಿದ ಉಸ್ತಾದರನ್ನೂ ಕೇಳಿಕೊಳ್ಳುವುದು ವಿವೇಕ.

ಉಸಿರಿನ ಬೆಲೆಯನ್ನು 2021ರ ಬೇಸಗೆ ನಮಗೆಲ್ಲರಿಗೂ ಕಲಿಸಿತು. ದೇಶದ ಆಸ್ಪತ್ರೆಗಳಲ್ಲಿ ಆಮ್ಲಜನಕಕ್ಕಾಗಿ ಹಾಹಾಕಾರವೆದ್ದಾಗ, ಬಹರೈನ್‌ನಿಂದ ದ್ರವ ಆಮ್ಲಜನಕವನ್ನು ಹೊತ್ತ ನೌಕಾಪಡೆಯ ಐಎನ್‌ಎಸ್ ತಲ್ವಾರ್ ಹಡಗು ಮೇ ತಿಂಗಳಲ್ಲಿ ನವಮಂಗಳೂರು ಬಂದರಿಗೆ ಬಂದು ತಲುಪಿತು. ಮಕ್ಕಳ ದುಡಿಮೆಯ ಹಣವನ್ನು ಕೊಲ್ಲಿಯಿಂದ ಕಾದ ಊರು ಅಂದು ಅಲ್ಲಿಂದ ಉಸಿರನ್ನೂ ಕಾಯಬೇಕಾಯಿತು.

ಎರಡು ದಾನಗಳು

ಇಬ್ನುನ್ನಫೀಸರ ಕೊನೆಯ ದಿನಗಳಿಗೆ ಮರಳೋಣ. ಸುಲ್ತಾನ್ ಖಲಾವೂನ್ 1284ರಲ್ಲಿ ಕೈರೋದಲ್ಲಿ ಮನ್ಸೂರೀ ಆಸ್ಪತ್ರೆಯನ್ನು ವಕ್ಫ್ ಆಗಿ ಕಟ್ಟಿಸಿದರು. ಶ್ರೀಮಂತ, ಬಡವ, ಗಂಡು, ಹೆಣ್ಣು, ಊರವ, ಪರದೇಶಿ ಎಂಬ ಭೇದವಿಲ್ಲದೆ ಅಲ್ಲಿ ಉಚಿತ ಚಿಕಿತ್ಸೆ ಇತ್ತು. 1288ರಲ್ಲಿ ಇಬ್ನುನ್ನಫೀಸ್ ಮರಣಶಯ್ಯೆಯಲ್ಲಿದ್ದಾಗ ಔಷಧವಾಗಿ ಮದ್ಯ ಸೇವಿಸುವಂತೆ ಸಹವೈದ್ಯರು ಸೂಚಿಸಿದರು. ಮದ್ಯದ ಅಂಶವಿರುವ ದೇಹದೊಂದಿಗೆ ಅಲ್ಲಾಹನನ್ನು ಭೇಟಿಯಾಗಲಾರೆ ಎಂದು ಅವರು ನಿರಾಕರಿಸಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಅವರ ಮನೆ ಮತ್ತು ಗ್ರಂಥಭಂಡಾರವೆಲ್ಲ ಆ ಆಸ್ಪತ್ರೆಯ ಪಾಲಾಯಿತು. ಹೃದಯದ ಗೋಡೆಯಲ್ಲಿ ರಂಧ್ರವಿಲ್ಲವೆಂದು ತೋರಿಸಿದವರು ತಮ್ಮ ಮನೆಯ ಗೋಡೆಗಳನ್ನೇ ರೋಗಿಗಳಿಗೆ ಬಿಟ್ಟುಹೋದರು.

ಇಂತಹ ದಾನಿಯನ್ನು ಕಾಣಲು ನಾವು ಕೈರೋದವರೆಗೆ ಹೋಗಬೇಕಿಲ್ಲ. ಉಡುಪಿಯ ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಕಾರ್ಪೊರೇಶನ್ ಬ್ಯಾಂಕಿಗೆ ಬುನಾದಿ ಹಾಕಿದವರು. ಆ ಬ್ಯಾಂಕು 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಅವರಿದ್ದ ಮನೆ ಇಂದು ನಾಣ್ಯಗಳ ಸಂಗ್ರಹಾಲಯವಾಗಿದೆ. ಅವರ ಇನ್ನೊಂದು ಕೊಡುಗೆ ಮಾತ್ರ ದಿನವೂ ಉಸಿರಾಡುತ್ತಿದೆ. ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗಾಗಿ ಅವರು ನೀಡಿದ ಜಾಗ ಅದು. 2017ರಲ್ಲಿ ಅಲ್ಲಿ ಹೊಸ ಕಟ್ಟಡವೆದ್ದಾಗ ಕೂಸಮ್ಮ ಶಂಭು ಶೆಟ್ಟಿಯವರ ಸ್ಮರಣೆಯ ಜೊತೆ ಹಾಜಿ ಅಬ್ದುಲ್ಲಾರ ಹೆಸರೂ ಸೇರಿಕೊಂಡಿತು. ಹಿಂದೂ ತಾಯಿಯೊಬ್ಬರ ಹೆಸರು, ಮುಸ್ಲಿಂ ದಾನಿಯೊಬ್ಬರ ಹೆಸರು, ಒಂದೇ ಫಲಕದಲ್ಲಿ. ಬನ್ನಂಜೆಯ ಗರ್ಭಿಣಿಯೂ ಕಾಪುವಿನ ಗರ್ಭಿಣಿಯೂ ಕಾರ್ಕಳದ ಗರ್ಭಿಣಿಯೂ ಅಲ್ಲಿ ಒಂದೇ ಸಾಲಿನಲ್ಲಿ ಕುಳಿತು ಹಿಮೋಗ್ಲೋಬಿನ್ ಪರೀಕ್ಷೆಗೆ ಬೆರಳು ಚಾಚಬಹುದು. ಆ ರಕ್ತದ ಹನಿಯನ್ನು ನೋಡಿ ಯಾರು ಯಾವ ಧರ್ಮದವರೆಂದು ಹೇಳಬಲ್ಲ ವೈದ್ಯ ಇನ್ನೂ ಹುಟ್ಟಿಲ್ಲ.

ನಮಗೆ ಆಸ್ಪತ್ರೆಗೆ ಜಾಗ ಕೊಡುವಷ್ಟು ಶಕ್ತಿ ಇರಲಿಕ್ಕಿಲ್ಲ. ಆದರೆ ನಮ್ಮೊಳಗೆ ಹರಿಯುವ 5 ಲೀಟರಿನಲ್ಲಿ 350 ಮಿಲಿಲೀಟರ್ ಕೊಡಲು ಬಡವನಿಗೂ ಸಾಧ್ಯ. ಭಾರತದಲ್ಲಿ ಹಣಕ್ಕಾಗಿ ರಕ್ತ ಮಾರುವ ಪದ್ಧತಿಯನ್ನು ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಅನುಸಾರ 1998ರಿಂದ ನಿಷೇಧಿಸಲಾಗಿದೆ. ಹಾಗಾಗಿ ಇಂದು ರಕ್ತನಿಧಿಗಳು ನಿಂತಿರುವುದು ದಾನಿಗಳ ಮೇಲೆಯೇ. 18ರಿಂದ 65 ವರ್ಷದ ಆರೋಗ್ಯವಂತ ಪುರುಷರು ಮೂರು ತಿಂಗಳಿಗೊಮ್ಮೆ, ಮಹಿಳೆಯರು ನಾಲ್ಕು ತಿಂಗಳಿಗೊಮ್ಮೆ ದಾನ ಮಾಡಬಹುದು. ನಮ್ಮ ಯುವಕರು ಮಸೀದಿ, ಮದ್ರಸಗಳ ಅಂಗಳದಲ್ಲಿ ಶಿಬಿರ ನಡೆಸುತ್ತಿರುವುದು ಸಂತಸದ ವಿಷಯ. ಶಿಬಿರದ ದಿನ ಕೊಟ್ಟು ಮರೆಯುವುದಕ್ಕಿಂತ ವರ್ಷವಿಡೀ ಸರದಿಯಂತೆ ಕೊಟ್ಟರೆ ಥಲಸ್ಸೀಮಿಯಾದ ಮಕ್ಕಳಿಗೆ ಹೆಚ್ಚು ಉಪಕಾರ. ಏಕೆಂದರೆ ಅವರ ಅಗತ್ಯಕ್ಕೆ ಹಬ್ಬ, ರಜೆಗಳಿಲ್ಲ.

ಇಬ್ನುನ್ನಫೀಸರ ಹೆಸರನ್ನು ಭಾಷಣದಲ್ಲಿ ಹೇಳಿ ಚಪ್ಪಾಳೆ ಪಡೆಯುವುದು ಸುಲಭ. ಅವರಿಗೆ ನಿಜವಾದ ಗೌರವ ಬೇರೆಯಾಗಿದೆ. ಅವರು ಕೇಳಿದ್ದನ್ನು ನಂಬಿ ಕುಳಿತುಕೊಳ್ಳಲಿಲ್ಲ, ಪರೀಕ್ಷಿಸಿದರು. ನಾವೂ ನಮ್ಮ ತಾಯಿಯ ದಣಿವನ್ನು ವಯಸ್ಸೆಂದು, ಮಗಳ ನಿದ್ದೆಯನ್ನು ಸೋಮಾರಿತನವೆಂದು ನಂಬಿ ಕುಳಿತುಕೊಳ್ಳದೆ ಪರೀಕ್ಷಿಸೋಣ. ಪ್ರತಿಯೊಂದು ರೋಗಕ್ಕೂ ಮದ್ದಿದೆ, ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಆ ಕಲಿಕೆಯನ್ನು ಈ ವಾರ ಮನೆಯ ಹೆಂಗಸರೊಬ್ಬರ ರಕ್ತಪರೀಕ್ಷೆಯಿಂದ ಆರಂಭಿಸೋಣ. ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯವನ್ನೂ, ಆರೋಗ್ಯವನ್ನು ಕಾಯುವ ವಿವೇಕವನ್ನೂ ಅನುಗ್ರಹಿಸಲಿ.